ಸ್ಟಾರ್ಟ್ ಆಗಿ ಆಫ್ ಆಗುವ ಕಾರಿಗೆ ಇಎಲ್‌ಎಂ327 ಅಡಾಪ್ಟರ್: ಎಲ್ಲಿಯವರೆಗೆ ನಂಬಬಹುದು?

ಸೆಲ್ಫ್ ಹೊಡೆದರೆ ಗಾಡಿ ಸ್ಟಾರ್ಟ್ ಆಗುತ್ತದೆ. ಎರಡು ಸೆಕೆಂಡೋ ಹತ್ತು ಸೆಕೆಂಡೋ ಓಡಿ ತಾನಾಗಿಯೇ ಆಫ್. ಮತ್ತೆ ಹೊಡೆದರೆ ಮತ್ತದೇ ಕಥೆ. ಗ್ಯಾರೇಜಿಗೆ ಫೋನ್ ಮಾಡಿದರೆ ಬಾನೆಟ್ ಎತ್ತುವ ಮೊದಲೇ "ಪಂಪ್ ಹೋಗಿರ್ಬೇಕು ಸಾರ್" ಎಂಬ ಉತ್ತರ ಬರುತ್ತದೆ. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಆ ಪಂಪ್ ಬದಲಾಯಿಸಿದ ಮೇಲೂ ಆಫ್ ಆಗುವ ಗಾಡಿಗಳಿಗೆ ಬರವಿಲ್ಲ. ಈ ಒಂದೇ ತೊಂದರೆಯನ್ನು ಮುಂದಿಟ್ಟುಕೊಂಡು, ಆನ್‌ಲೈನಿನಲ್ಲಿ ಸಾವಿರ ರೂಪಾಯಿಯೊಳಗೆ ಸಿಗುವ ಇಎಲ್‌ಎಂ327 ಬ್ಲೂಟೂತ್ ಅಡಾಪ್ಟರ್ ಎಷ್ಟು ಕೆಲಸಕ್ಕೆ ಬರುತ್ತದೆ ಎಂದು ಇಲ್ಲಿ ನೋಡೋಣ. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿದರೆ, ಎಂಜಿನ್ ನಡೆಸುವ ಕಂಪ್ಯೂಟರ್ (ಇಸಿಯು) ಹೇಳುವ ಅಂಕಿಗಳನ್ನೂ ಅದು ಬರೆದಿಟ್ಟ ದೋಷದ ಸಂಕೇತಗಳನ್ನೂ (ಕೋಡ್) ಫೋನಿನ ಆಪ್‌ಗೆ ಕಳಿಸುವ ಸಣ್ಣ ಡಬ್ಬಿ ಇದು.

ತೀರ್ಪು ಮೊದಲೇ ಹೇಳಿಬಿಡುವುದಾದರೆ: ಕೊಳ್ಳಿ, ಆದರೆ ಬರೀ ಕೋಡ್ ಓದುವುದಕ್ಕೆಂದು ಕೊಳ್ಳಬೇಡಿ. ಸ್ಟಾರ್ಟ್ ಆಗಿ ಆಫ್ ಆಗುವ ಗಾಡಿಯಲ್ಲಿ ಬಹಳ ಸಲ ಕೋಡೇ ಬಿದ್ದಿರುವುದಿಲ್ಲ. ಕೋಡ್ ಬೀಳಬೇಕಾದರೆ ಇಸಿಯು ತನ್ನ ಪರೀಕ್ಷೆ ಮುಗಿಸಬೇಕು. ಎಷ್ಟೋ ದೋಷಗಳು ಒಂದರ ಹಿಂದೆ ಒಂದು ಎರಡು ಡ್ರೈವ್ ಸೈಕಲ್‌ನಲ್ಲಿ (ಸ್ಟಾರ್ಟ್ ಮಾಡಿ, ಓಡಿಸಿ, ಆಫ್ ಮಾಡುವುದು ಒಂದು ಸೈಕಲ್) ಕಂಡರಷ್ಟೇ ಎಂಜಿನ್ ಲೈಟ್ ಹತ್ತುತ್ತದೆ. ಮೂರು ಸೆಕೆಂಡು ಓಡುವ ಎಂಜಿನ್‌ನಲ್ಲಿ ಇಸಿಯುಗೆ ಅಷ್ಟು ಪುರುಸೊತ್ತೆಲ್ಲಿ? ಈ ಡಬ್ಬಿ ಕೊಟ್ಟ ದುಡ್ಡಿಗೆ ಮೋಸ ಮಾಡದಿರುವುದು ಲೈವ್ ಡೇಟಾದಲ್ಲಿ. ಅದರಲ್ಲೂ ಸೆಲ್ಫ್ ಹೊಡೆಯುವ ಮುಂಚೆ ಕಾಣುವ ನಾಲ್ಕೈದು ಅಂಕಿಗಳು, ಆಮೇಲೆ ಎಂಜಿನ್ ಆಫ್ ಆಗುವಾಗ ಆರ್‌ಪಿಎಂ ಬೀಳುವ ರೀತಿ. ಇವೆರಡನ್ನು ಓದಲು ಬಂದರೆ ತೊಂದರೆ ಕರೆಂಟಿನದೋ, ಗಾಳಿಯದೋ, ಪೆಟ್ರೋಲಿನದೋ ಎಂದು ಮನೆ ಮುಂದೆಯೇ ಬೇರ್ಪಡಿಸಬಹುದು. ಯಾವ ಪಾರ್ಟ್ ಹೋಗಿದೆ ಎಂದು ಅದು ಹೇಳುವುದಿಲ್ಲ. ಹೇಳುತ್ತದೆ ಎಂದು ಜಾಹೀರಾತಿನಲ್ಲಿ ಬರೆದಿದ್ದರೆ ಅದು ಸುಳ್ಳು.

ಡಬ್ಬಿಯ ಹುಟ್ಟಿನ ಬಗ್ಗೆ ಎರಡು ಮಾತು. ಇಎಲ್‌ಎಂ327 ಎನ್ನುವುದು ಕೆನಡಾದ ಇಎಲ್‌ಎಂ ಎಲೆಕ್ಟ್ರಾನಿಕ್ಸ್ ರೂಪಿಸಿದ ಚಿಪ್. ಆ ಕಂಪನಿ 2022ರಲ್ಲಿ ಬಾಗಿಲು ಹಾಕಿತು. ಮೊದಲ ಆವೃತ್ತಿಗೆ ಕಾಪಿ ತಡೆಯುವ ಭದ್ರತೆ ಇರಲಿಲ್ಲವಾದ್ದರಿಂದ ನಕಲುಗಳು ಅಲ್ಲಿಂದಲೇ ಶುರುವಾದವು. ಇವತ್ತು ನಮಗೆ ಈ ಬೆಲೆಗೆ ಸಿಗುವುದೆಲ್ಲ ನಕಲೇ. ಡಬ್ಬಿಯ ಮೇಲೆ "ವಿ1.5" ಎಂದು ಬರೆದಿರುತ್ತದಲ್ಲ, ಅಂಥ ಆವೃತ್ತಿಯನ್ನು ಮೂಲ ಕಂಪನಿ ಬಿಡುಗಡೆ ಮಾಡಿಯೇ ಇಲ್ಲ. ತಮಾಷೆಯೆಂದರೆ, "ವಿ2.1" ಎಂದು ಬರೆದ ಹೆಬ್ಬೆರಳು ಗಾತ್ರದ ಮಿನಿಗಳಿಗಿಂತ ಈ ಇಲ್ಲದ 1.5ಗಳೇ ಸಾಮಾನ್ಯವಾಗಿ ವಾಸಿ. 2.1 ಎಂದು ಬರೆದ ಬಹಳಷ್ಟು ಡಬ್ಬಿಗಳಲ್ಲಿ ಕಮಾಂಡ್‌ಗಳನ್ನು ಕತ್ತರಿಸಿರುತ್ತಾರೆ, ಕೆಲವು ಹಳೆಯ ಕೆ-ಲೈನ್ (ಒಂದೇ ತಂತಿಯಲ್ಲಿ ನಿಧಾನವಾಗಿ ಮಾತಾಡುವ ಪದ್ಧತಿ) ಗಾಡಿಗಳಿಗೆ ಕನೆಕ್ಟ್ ಆಗುವುದೇ ಇಲ್ಲ. ನಂಬರ್ ದೊಡ್ಡದಿದೆ ಎಂದು ಹೊಸದು ಅಂದುಕೊಳ್ಳಬೇಡಿ.

ನಿಮ್ಮ ಗಾಡಿ ಇದಕ್ಕೆ ಒಗ್ಗುತ್ತದೆಯೇ? ಭಾರತದಲ್ಲಿ ಬಿಎಸ್4 ಕಾರುಗಳಿಗೆ ಒಬಿಡಿ-2 (ಎಂಜಿನ್ ದೋಷ ಓದುವ ಏಕರೂಪದ ಪದ್ಧತಿ) ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. ಅದರಾಚೆಗಿನ ಕಾರುಗಳು ಸಾಮಾನ್ಯವಾಗಿ ಸಲೀಸಾಗಿ ಮಾತಾಡುತ್ತವೆ. 2010ಕ್ಕಿಂತ ಹಿಂದಿನ ಎಷ್ಟೋ ಕಾರುಗಳಲ್ಲಿ ಸ್ಟಿಯರಿಂಗ್ ಕೆಳಗೆ ಅದೇ ಹದಿನಾರು ಪಿನ್ನಿನ ಸಾಕೆಟ್ ಇದ್ದರೂ ಒಳಗಿನ ಪ್ರೋಟೋಕಾಲ್ (ಮಾತಾಡುವ ಕ್ರಮ) ಕಂಪನಿಯದೇ ಸ್ವಂತದ್ದು. ಅಲ್ಲಿ ಡಬ್ಬಿಯ ಲೈಟ್ ಹತ್ತುತ್ತದೆ, ಆಪ್ ಮಾತ್ರ ಇಸಿಯು ಹುಡುಕುತ್ತಲೇ ಕೂರುತ್ತದೆ. ಸಾಕೆಟ್ಟಿನಲ್ಲಿ 6 ಮತ್ತು 14ನೇ ಪಿನ್ ಇದ್ದರೆ ಕ್ಯಾನ್ (ಎರಡು ತಂತಿಯ ವೇಗದ ಪದ್ಧತಿ), 7 ಮಾತ್ರ ಇದ್ದರೆ ಕೆ-ಲೈನ್. 16ನೆಯದು ನೇರ ಬ್ಯಾಟರಿ, 4 ಮತ್ತು 5 ಅರ್ಥ್. ಟಾರ್ಚ್ ಹಾಕಿ ಒಮ್ಮೆ ನೋಡಿಕೊಂಡರೆ ಕೊಳ್ಳುವ ಮುಂಚೆಯೇ ಗೊತ್ತಾಗುತ್ತದೆ. ಐಫೋನ್ ಇದ್ದವರು ಹಳೆಯ ಬ್ಲೂಟೂತ್ ಮಾದರಿ ಕೊಂಡರೆ ಕನೆಕ್ಟ್ ಆಗುವುದಿಲ್ಲ. ಬ್ಲೂಟೂತ್ ಎಲ್‌ಇ ಅಥವಾ ವೈಫೈ ಮಾದರಿಯೇ ಬೇಕು. ಆಂಡ್ರಾಯ್ಡ್‌ನಲ್ಲಿ ಪೇರ್ ಮಾಡಲು ಪಿನ್ 1234, ಇಲ್ಲವೇ 0000. ಆಪ್‌ಗಳಲ್ಲಿ ಟಾರ್ಕ್ ಹಳೆಯ ಹುಲಿ. ಈ ಕೆಲಸಕ್ಕೆ ಕಾರ್ ಸ್ಕ್ಯಾನರ್ ಆಪ್‌ನ ಗ್ರಾಫ್ ಓದಲು ಇನ್ನೂ ಸುಲಭ.

ಸೆಲ್ಫ್ ಹೊಡೆಯುವ ಮುಂಚೆ

ಈ ಕೆಲಸವನ್ನು ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿದ್ದಾಗ ಮಾಡಬೇಕು. ಇಗ್ನಿಷನ್ ಆಫ್ ಇರುವಾಗ ಡಬ್ಬಿ ಚುಚ್ಚಿ, ಆಮೇಲೆ ಕೀ ಆನ್ ಮಾಡಿ, ಸೆಲ್ಫ್ ಬೇಡ. ಮೊದಲು ಕೋಡ್‌ಗಳನ್ನು ಓದಿ, ಪೆಂಡಿಂಗ್ ಎಂದು ಬರುವುದನ್ನೂ ಬಿಡಬೇಡಿ. ಎರಡು ಸೈಕಲ್ ಮುಗಿಯದ, ಲೈಟ್ ಹತ್ತಿಸದ ದೋಷಗಳು ಅಲ್ಲಿ ಅಡಗಿರುತ್ತವೆ. ಕೋಡ್ ಇದ್ದರೆ ಅದರ ಫ್ರೀಜ್ ಫ್ರೇಮ್ ತೆರೆದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಆ ಕ್ಷಣದ ಆರ್‌ಪಿಎಂ, ಲೋಡ್, ಕೂಲಂಟ್ ಬಿಸಿ ಎಲ್ಲ ಅದರಲ್ಲಿರುತ್ತದೆ. ಆಪ್‌ನಲ್ಲಿ ಕಣ್ಣಿಗೆ ಹೊಡೆಯುವಂತೆ "ಕ್ಲಿಯರ್" ಬಟನ್ ಇರುತ್ತದೆ, ಒತ್ತಬೇಡಿ. ಒತ್ತಿದರೆ ಕೋಡಿನ ಜೊತೆ ಫ್ರೀಜ್ ಫ್ರೇಮ್ ಹೋಗುತ್ತದೆ, ಬಹುತೇಕ ಕಾರುಗಳಲ್ಲಿ ಇಸಿಯು ತಿಂಗಳುಗಟ್ಟಲೆ ಕಲಿತ ಫ್ಯೂಯಲ್ ಟ್ರಿಮ್ (ಪೆಟ್ರೋಲನ್ನು ಎಷ್ಟು ಶೇಕಡಾ ಹೆಚ್ಚುಕಡಿಮೆ ಕೊಡಬೇಕೆಂಬ ಲೆಕ್ಕ) ಕೂಡ ಸೊನ್ನೆಯಾಗುತ್ತದೆ. "ಸ್ಕ್ಯಾನರ್ ಹಾಕಿ ಎಲ್ಲಾ ಕ್ಲಿಯರ್ ಮಾಡಿದೀವಿ" ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ, ಸಾಕ್ಷಿ ಅಳಿಸಿದ್ದಾರೆ ಎಂದು ತಿಳಿಯಿರಿ.

ಈಗ ಅಂಕಿಗಳು. ಕೂಲಂಟ್ ಟೆಂಪರೇಚರ್ ಮತ್ತು ಒಳಗೆ ಹೋಗುವ ಗಾಳಿಯ ಟೆಂಪರೇಚರ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎರಡೂ ಹೊರಗಿನ ಹವೆಗೆ ಸಮನಾಗಿರಬೇಕು. ಮೂರ್ನಾಲ್ಕು ಡಿಗ್ರಿ ಹೆಚ್ಚುಕಡಿಮೆ ಪರವಾಗಿಲ್ಲ. ಕೂಲಂಟ್ ಮೈನಸ್ 40 ತೋರಿಸಿದರೆ ಸೆನ್ಸರ್ ಕನೆಕ್ಟರ್ ಬಿಟ್ಟಿದೆ ಅಥವಾ ವೈರ್ ತುಂಡಾಗಿದೆ (ಪಿ0118). ಇದು ಸುಲಭದ ಕೇಸು, ಏಕೆಂದರೆ ಇಸಿಯು ಇದನ್ನು ಹಿಡಿಯುತ್ತದೆ, ಅನೇಕ ಕಾರುಗಳಲ್ಲಿ ಕೀ ಆನ್ ಮಾಡುತ್ತಲೇ ರೇಡಿಯೇಟರ್ ಫ್ಯಾನ್ ತಿರುಗಲು ಶುರುವಾಗುತ್ತದೆ. ಕಷ್ಟದ ಕೇಸು ಬೇರೆ. ಮುಂಜಾನೆಯ ತಣ್ಣನೆ ಎಂಜಿನ್‌ನಲ್ಲಿ ಸೆನ್ಸರ್ 75 ಎಂದು ಸುಳ್ಳು ಹೇಳುತ್ತಿದ್ದರೆ, ಇಸಿಯು ಎಂಜಿನ್ ಬಿಸಿಯಾಗಿದೆ ಎಂದು ನಂಬಿ ಹೆಚ್ಚುವರಿ ಪೆಟ್ರೋಲ್ ಕೊಡುವುದಿಲ್ಲ. ಗಾಡಿ ಹತ್ತುತ್ತದೆ, ನಾಲ್ಕು ಸೆಕೆಂಡು ಕುಂಟುತ್ತದೆ, ಆಫ್ ಆಗುತ್ತದೆ. ರೇಸ್ ಕೊಡುತ್ತಾ ಹಿಡಿದುಕೊಂಡರೆ ಐದು ನಿಮಿಷದ ಮೇಲೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. 75 ಡಿಗ್ರಿ ಅಸಾಧ್ಯದ ಸಂಖ್ಯೆಯಲ್ಲವಾದ್ದರಿಂದ ಕೋಡ್ ಬೀಳದೆಯೂ ಇರಬಹುದು. ಗ್ಯಾರೇಜಿಗೆ ಬಿಸಿ ಎಂಜಿನ್ ತೆಗೆದುಕೊಂಡು ಹೋದರೆ ಯಾರಿಗೂ ಸಿಗುವುದಿಲ್ಲ. ಈ ಒಂದು ದೋಷ ಹಿಡಿದರೂ ಡಬ್ಬಿಯ ಬೆಲೆ ಹುಟ್ಟಿತು ಎನ್ನಬೇಕು.

ಮುಂದಿನದು ಮ್ಯಾಪ್ ಸೆನ್ಸರ್, ಅಂದರೆ ಇನ್‌ಟೇಕ್ (ಎಂಜಿನ್‌ಗೆ ಗಾಳಿ ಹೋಗುವ ದಾರಿ) ಒಳಗಿನ ಒತ್ತಡ ಅಳೆಯುವುದು. ಎಂಜಿನ್ ಓಡದಿರುವಾಗ ಇನ್‌ಟೇಕ್‌ನಲ್ಲಿ ಇರುವುದು ಹೊರಗಿನ ಗಾಳಿಯ ಒತ್ತಡವೇ. ಮಂಗಳೂರು, ಕಾರವಾರದಲ್ಲಿ 100ರಿಂದ 101 ಕಿಲೋಪ್ಯಾಸ್ಕಲ್ ಬರಬೇಕು. ಮೈಸೂರಿನಲ್ಲಿ 92ರ ಆಸುಪಾಸು, ಬೆಂಗಳೂರಿನಲ್ಲಿ 91, ಮಡಿಕೇರಿಯಲ್ಲಿ 88. ಇಂಟರ್‌ನೆಟ್ಟಿನ ಚಾರ್ಟ್‌ಗಳಲ್ಲಿ 101 ಎಂದೇ ಇರುತ್ತದೆ; ಅದನ್ನು ನೋಡಿ ಬೆಂಗಳೂರಿನಲ್ಲಿ ಚೆನ್ನಾಗಿರುವ ಸೆನ್ಸರ್ ಬದಲಾಯಿಸುವವರಿದ್ದಾರೆ. ಬೆಂಗಳೂರಿನಲ್ಲಿ 101 ತೋರಿಸಿದರೇ ಅನುಮಾನ ಪಡಬೇಕು.

ಆಮೇಲೆ ಥ್ರಾಟಲ್, ಅಂದರೆ ಎಂಜಿನ್‌ಗೆ ಹೋಗುವ ಗಾಳಿಯ ಬಾಗಿಲು. ಪೆಡಲ್ ಬಿಟ್ಟಾಗ ಹತ್ತರಿಂದ ಹದಿನೆಂಟು ಶೇಕಡಾ ಒಳಗೆ ಸ್ಥಿರವಾಗಿ ನಿಂತಿರಬೇಕು. ನಿಧಾನಕ್ಕೆ ಒತ್ತುತ್ತಾ ಹೋದರೆ ಪೆಡಲ್ ಸೆನ್ಸರ್‌ನ ಗ್ರಾಫ್ ನೆಗೆಯದೆ, ಬೀಳದೆ ಏರಬೇಕು.

ಕೊನೆಗೆ ವೋಲ್ಟೇಜ್, ಮತ್ತು ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಉಪಯೋಗವಿದೆ. ಆಪ್‌ನಲ್ಲಿ ಎರಡು ಬೇರೆ ವೋಲ್ಟೇಜ್ ಸಿಗುತ್ತವೆ. ಒಂದು ಅಡಾಪ್ಟರ್ ತಾನೇ 16ನೇ ಪಿನ್ನಿನಲ್ಲಿ ಅಳೆದದ್ದು. ಇನ್ನೊಂದು ಇಸಿಯು ತನಗೆ ಎಷ್ಟು ಬರುತ್ತಿದೆ ಎಂದು ಹೇಳುವುದು, ಕಂಟ್ರೋಲ್ ಮಾಡ್ಯೂಲ್ ವೋಲ್ಟೇಜ್ ಎಂಬ ಹೆಸರಲ್ಲಿರುತ್ತದೆ. ನಕಲಿ ಡಬ್ಬಿಗಳ ಅಳತೆಯಲ್ಲಿ ಒಂದಿಷ್ಟು ತಪ್ಪು ಇದ್ದೇ ಇರುತ್ತದೆ, ಮೊದಲು ಮಲ್ಟಿಮೀಟರ್ ಇಟ್ಟು ಬ್ಯಾಟರಿಗೆ ಹೋಲಿಸಿ ಆ ತಪ್ಪೆಷ್ಟು ಎಂದು ಬರೆದುಕೊಳ್ಳಿ. ಅದನ್ನು ಕಳೆದ ಮೇಲೂ ಇಸಿಯು ವೋಲ್ಟೇಜ್ ಅಡಾಪ್ಟರ್ ಅಳೆದದ್ದಕ್ಕಿಂತ ಅರ್ಧ ವೋಲ್ಟಿಗೂ ಹೆಚ್ಚು ಕೆಳಗಿದ್ದರೆ ಮೇನ್ ರಿಲೇ, ಇಗ್ನಿಷನ್ ಸ್ವಿಚ್ ಅಥವಾ ಎಂಜಿನ್ ಅರ್ಥ್ ವೈರ್, ಈ ಮೂರರಲ್ಲಿ ಒಂದು ತುಕ್ಕು ಹಿಡಿದಿದೆ ಅಥವಾ ಕಾಂಟ್ಯಾಕ್ಟ್ ಸುಟ್ಟಿದೆ.

ಆ ಮೂರು ಸೆಕೆಂಡು

ಈಗ ಸೆಲ್ಫ್. ಹೆಚ್ಚಿನವರು ಎಡವುವುದು ಇಲ್ಲೇ: ಸ್ಕ್ರೀನ್ ತುಂಬ ಹದಿನೈದು ಮೀಟರ್ ಇಟ್ಟುಕೊಂಡು ಸೆಲ್ಫ್ ಹೊಡೆಯುತ್ತಾರೆ. ಅಗ್ಗದ ಅಡಾಪ್ಟರ್ ಒಂದೊಂದೇ ಅಂಕಿ ಕೇಳಿ ಉತ್ತರ ಬಂದ ಮೇಲೆ ಮುಂದಿನದು ಕೇಳುತ್ತದೆ. ಕ್ಯಾನ್ ಗಾಡಿಯಲ್ಲಿ ಸೆಕೆಂಡಿಗೆ ಹತ್ತರ ಆಸುಪಾಸು ಉತ್ತರ ಬಂದರೆ ಪುಣ್ಯ, ಕೆ-ಲೈನ್‌ನಲ್ಲಿ ಎರಡು ಮೂರು. ಹದಿನೈದು ಕೇಳಿದರೆ ಆರ್‌ಪಿಎಂ ಎರಡನೇ ಸಲ ಬರುವಷ್ಟರಲ್ಲಿ ಎಂಜಿನ್ ನಿಂತಿರುತ್ತದೆ. ಆರ್‌ಪಿಎಂ, ಮ್ಯಾಪ್ (ಅದು ಇಲ್ಲದ ಗಾಡಿಯಲ್ಲಿ ಒಳಹೋಗುವ ಗಾಳಿಯ ಪ್ರಮಾಣ ಅಳೆಯುವ ಮಾಫ್), ಇಸಿಯು ವೋಲ್ಟೇಜ್, ಮೂರೇ ಇಡಿ. ಕೆ-ಲೈನ್ ಆದರೆ ಆರ್‌ಪಿಎಂ ಒಂದೇ ಸಾಕು. ಲಾಗ್ ಆನ್ ಮಾಡಿ, ಆಮೇಲೆ ಸೆಲ್ಫ್.

ಕ್ರ್ಯಾಂಕ್ ಆಗುತ್ತಿರುವಾಗ, ಅಂದರೆ ಸೆಲ್ಫ್ ಎಂಜಿನ್ ತಿರುಗಿಸುತ್ತಿರುವಾಗ, ಆರ್‌ಪಿಎಂ 150ರಿಂದ 300 ತೋರಿಸಬೇಕು. ತಣ್ಣನೆ ಎಂಜಿನ್ ಹತ್ತಿದೊಡನೆ 1,100 ದಾಟಿ, ಬಿಸಿಯಾದಂತೆ 700-850ಕ್ಕೆ ಇಳಿಯುವುದು ಕ್ರಮ. ಆಫ್ ಆಗುವಾಗ ನೋಡಬೇಕಾದ್ದು ಇಳಿಜಾರು. ಗ್ರಾಫ್ ಕತ್ತರಿಸಿದಂತೆ ಸಾವಿರದಿಂದ ಸೊನ್ನೆಗೆ ಬಿದ್ದರೆ ಅದು ಕರೆಂಟಿನ ಕಡೆಯ ತೊಂದರೆ. ತಡವರಿಸುತ್ತಾ, ಒಂದೆರಡು ಸಲ ಏರಿಳಿದು, ಒದ್ದಾಡಿ ನಿಂತರೆ ಗಾಳಿ ಅಥವಾ ಪೆಟ್ರೋಲಿನದು. ಕಿವಿಗೂ ಇದು ಗೊತ್ತಾಗುತ್ತದೆ, ಆದರೆ ಗ್ರಾಫ್‌ನಲ್ಲಿ ಮ್ಯಾಪ್ ಜೊತೆಗಿಟ್ಟು ನೋಡಿದರೆ ವಾದಕ್ಕೆ ಜಾಗವಿರುವುದಿಲ್ಲ.

ಕತ್ತರಿಸಿದಂತೆ ಬಿದ್ದ ಕೇಸುಗಳನ್ನು ಮೊದಲು ಮುಗಿಸೋಣ. ಕೀಯನ್ನು ಸ್ಟಾರ್ಟ್‌ನಿಂದ ಬಿಟ್ಟ ಕ್ಷಣಕ್ಕೇ ಆಫ್ ಆಗಿ, ಅದೇ ಹೊತ್ತಿಗೆ ಆಪ್ ಇಸಿಯು ಜೊತೆ ಸಂಪರ್ಕ ಕಳೆದುಕೊಂಡರೆ, ಆದರೆ 16ನೇ ಪಿನ್ನಿನ ವೋಲ್ಟೇಜ್ ಹಾಗೇ ಇದ್ದರೆ, ಇಗ್ನಿಷನ್ ಸ್ವಿಚ್‌ನ ಆನ್ ಕಾಂಟ್ಯಾಕ್ಟ್ ಅಥವಾ ಮೇನ್ ರಿಲೇ. ಸಂಪರ್ಕ ಇದ್ದು, ಎಂಜಿನ್ ಇನ್ನೂ ತಿರುಗುತ್ತಿರುವಾಗಲೇ ಆರ್‌ಪಿಎಂ ಸೊನ್ನೆ ತೋರಿಸಿದರೆ ಎಂಜಿನ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರ್, ಅದರ ಕನೆಕ್ಟರ್, ಇಲ್ಲವೇ ಇಲಿ ಕಡಿದ ವೈರ್. ಪಿ0335 ಬಿದ್ದಿದ್ದರೆ ಗುಮಾನಿ ಗಟ್ಟಿಯಾಗುತ್ತದೆ. ಬಿದ್ದಿರಲೇಬೇಕೆಂದೇನಿಲ್ಲ, ಬಿಸಿಯಾದಾಗ ಮಾತ್ರ ಕೈಕೊಡುವ ಸೆನ್ಸರ್‌ಗಳು ಕೋಡ್ ಬಿಡದೆ ಸತಾಯಿಸುತ್ತವೆ.

ಹತ್ತಿ ಒಂದೆರಡು ಸೆಕೆಂಡಿಗೆ, ಪ್ರತಿ ಸಲವೂ ಗಡಿಯಾರ ಇಟ್ಟಂತೆ ಅಷ್ಟೇ ಹೊತ್ತಿಗೆ ಆಫ್ ಆದರೆ ಇಮೊಬಿಲೈಸರ್ (ಕೀಯೊಳಗಿನ ಚಿಪ್ ಒಪ್ಪದಿದ್ದರೆ ಎಂಜಿನ್ ಓಡಲು ಬಿಡದ ಕಳ್ಳತನ ತಡೆ) ಕಡೆ ತಿರುಗಿ. ಕೆಲವು ಕಾರುಗಳಲ್ಲಿ ಕೀ ಒಪ್ಪದಿದ್ದರೆ ಎಂಜಿನ್ ಹತ್ತುವುದೇ ಇಲ್ಲ. ಫೋಕ್ಸ್‌ವ್ಯಾಗನ್, ಸ್ಕೋಡಾದಂಥವುಗಳಲ್ಲಿ ಹತ್ತಿಸಿ ಆಮೇಲೆ ನಿಲ್ಲಿಸುತ್ತದೆ. ಮೀಟರ್ ಬೋರ್ಡಿನಲ್ಲಿ ಕೀ ಅಥವಾ ಬೀಗದ ಚಿತ್ರ ಮಿನುಗುತ್ತಿರುತ್ತದೆ. ಸಾಮಾನ್ಯ ಕೋಡ್ ಪಿ0513, ಫೋಕ್ಸ್‌ವ್ಯಾಗನ್ ಗುಂಪಿನಲ್ಲಿ ಪಿ1570. ಈ ಎರಡನೆಯದು ಕಂಪನಿಯ ಸ್ವಂತ ಕೋಡ್ ಆದ್ದರಿಂದ ಡಬ್ಬಿ ನಂಬರ್ ತೋರಿಸಿದರೂ ಆಪ್ ಅದರ ಅರ್ಥ ತಪ್ಪು ಹೇಳಬಹುದು. ಪಿ1ರಿಂದ ಶುರುವಾಗುವ ಯಾವುದೇ ಕೋಡಿನ ವಿವರಣೆಯನ್ನು ನಿಮ್ಮ ಕಾರಿನ ಹೆಸರಿನ ಜೊತೆಗೇ ಹುಡುಕಬೇಕು. ಪರೀಕ್ಷೆ ಸರಳ: ಮನೆಯಲ್ಲಿರುವ ಎರಡನೇ ಕೀ ಹಾಕಿ ನೋಡಿ, ಅದೂ ಕೀ ಗೊಂಚಲಿನಿಂದ ಬಿಡಿಸಿ. ಗೊಂಚಲಿನಲ್ಲಿ ಇನ್ನೊಂದು ಗಾಡಿಯ ಚಿಪ್ ಕೀ ಇದ್ದರೂ ಗೊಂದಲವಾಗುತ್ತದೆ. ರಿಮೋಟ್‌ನ ಸೆಲ್ ಬದಲಾಯಿಸಿ ಪ್ರಯೋಜನವಿಲ್ಲ, ತಿರುಗಿಸುವ ಕೀಯೊಳಗಿನ ಟ್ರಾನ್ಸ್‌ಪಾಂಡರ್‌ಗೆ ಆ ಸೆಲ್ ಬೇಕಾಗಿಲ್ಲ.

ಒದ್ದಾಡಿ ನಿಲ್ಲುವ ಗಾಡಿಯಲ್ಲಿ ಮುಂದಿನ ಪ್ರಶ್ನೆ ಒಂದೇ: ರೇಸ್ ಕೊಟ್ಟು ಹಿಡಿದರೆ ಆಫ್ ಆಗದೆ ಓಡುತ್ತದೆಯೇ? 1,500ರಲ್ಲಿ ಹಿಡಿದಾಗ ಚೆನ್ನಾಗಿಯೇ ಓಡಿ, ಕಾಲು ತೆಗೆದರೆ ಆಫ್ ಆದರೆ ಐಡ್ಲಿಂಗ್ ಗಾಳಿಯ ದಾರಿ ಕಟ್ಟಿದೆ. ಥ್ರಾಟಲ್ ಬಾಡಿಯ ಬಾಗಿಲಿನ ಅಂಚಿಗೆ ಕಾರ್ಬನ್ ಕೂತಿದೆ, ಅಥವಾ ಹಳೆಯ ಗಾಡಿಗಳ ಐಡಲ್ ವಾಲ್ವ್ ಕಚ್ಚಿಕೊಂಡಿದೆ. ಪಿ0505, ಪಿ0506 ಬರುವುದು ಇಲ್ಲೇ. ಕ್ಲೀನ್ ಮಾಡುವಾಗ ಇಗ್ನಿಷನ್ ಆಫ್, ಕನೆಕ್ಟರ್ ಬಿಚ್ಚಿರಬೇಕು. ಥ್ರಾಟಲ್ ಬಾಡಿಗೆಂದೇ ಮಾರುವ ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಅಂಚನ್ನು ಒರೆಸಿ. ಎಲೆಕ್ಟ್ರಾನಿಕ್ ಥ್ರಾಟಲ್ ಬಾಗಿಲನ್ನು ಬೆರಳಿನಿಂದ ತಳ್ಳಿ ತೆರೆದರೆ ಒಳಗಿನ ಪ್ಲಾಸ್ಟಿಕ್ ಗೇರ್ ಹಲ್ಲು ಮುರಿಯಬಹುದು. ಕ್ಲೀನ್ ಮಾಡಿದ ಮೇಲೆ ಆರ್‌ಪಿಎಂ ಹೆಚ್ಚಾಗಿ ನಿಂತರೆ ಗಾಬರಿ ಬೇಡ, ಇಸಿಯು ಕೊಳೆಯಾದ ಬಾಗಿಲಿನ ಲೆಕ್ಕವನ್ನೇ ಇನ್ನೂ ಇಟ್ಟುಕೊಂಡಿದೆ. ಎಸಿ, ಲೈಟ್ ಎಲ್ಲ ಆಫ್ ಮಾಡಿ ಹತ್ತು ನಿಮಿಷ ಐಡ್ಲಿಂಗ್ ಬಿಟ್ಟರೆ ಹೆಚ್ಚಿನವು ಸರಿಹೋಗುತ್ತವೆ. ಸ್ಕ್ಯಾನರಿನಿಂದಲೇ ರೀಲರ್ನ್ (ಹೊಸ ಲೆಕ್ಕ ಕಲಿಸುವುದು) ಮಾಡಬೇಕಾದ ಮಾದರಿಗಳಲ್ಲಿ ಈ ಡಬ್ಬಿ ಕೈಚೆಲ್ಲುತ್ತದೆ. ಅದಕ್ಕೆ ಗ್ಯಾರೇಜಿನ ದೊಡ್ಡ ಸ್ಕ್ಯಾನರೇ ಬೇಕು.

ಏರ್ ಫಿಲ್ಟರ್ ಬದಲಾಯಿಸಿದ ಮರುದಿನದಿಂದ ಶುರುವಾದ ತೊಂದರೆಯಾದರೆ ಮೊದಲು ರಬ್ಬರ್ ಹೋಸ್‌ನ ಕ್ಲ್ಯಾಂಪ್ ನೋಡಿ. ಇಲ್ಲಿ ಗಾಡಿಯ ಜಾತಿ ಮುಖ್ಯ. ಮಾಫ್ ಸೆನ್ಸರ್ ಇರುವ ಎಂಜಿನ್‌ನಲ್ಲಿ ಸೆನ್ಸರ್ ದಾಟಿದ ಮೇಲೆ ಗಾಳಿ ಒಳನುಗ್ಗಿದರೆ ಅದು ಲೆಕ್ಕಕ್ಕೆ ಸಿಗುವುದಿಲ್ಲ, ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ನಿಲ್ಲುತ್ತದೆ. ಮ್ಯಾಪ್ ಮಾತ್ರ ಇರುವ ಎಂಜಿನ್‌ನಲ್ಲಿ ಥ್ರಾಟಲ್ ಮುಂಚಿನ ಹೋಸ್ ಬಿಟ್ಟರೂ ಸ್ಟಾರ್ಟಿಂಗ್‌ಗೆ ಅಷ್ಟೇನೂ ಆಗುವುದಿಲ್ಲ, ಥ್ರಾಟಲ್ ಆಚೆಗಿನ ಲೀಕ್ ಆದರೆ ಆಫ್ ಆಗುವ ಬದಲು ಆರ್‌ಪಿಎಂ ಏರುತ್ತದೆ. ಹಾಗಾಗಿ ಮ್ಯಾಪ್ ಗಾಡಿಯ ಆಫ್ ಆಗುವ ರೋಗಕ್ಕೆ "ವ್ಯಾಕ್ಯೂಮ್ ಲೀಕ್" ಎಂದು ಯಾರಾದರೂ ಥಟ್ಟನೆ ಹೇಳಿದರೆ ಒಂದು ಸಲ ಯೋಚಿಸಿ. ಮಾಫ್ ಇದ್ದರೆ ಇನ್ನೊಂದು ಪರೀಕ್ಷೆ: ಇಗ್ನಿಷನ್ ಆಫ್ ಮಾಡಿ ಅದರ ಕನೆಕ್ಟರ್ ತೆಗೆದು ಸ್ಟಾರ್ಟ್ ಮಾಡಿ. ಎಂಜಿನ್ ಲೈಟ್ ಹತ್ತುತ್ತದೆ, ಇಸಿಯು ಅಂದಾಜಿನ ಲೆಕ್ಕಕ್ಕೆ ಹೋಗುತ್ತದೆ. ಆಗ ಗಾಡಿ ಆಫ್ ಆಗದೆ ಓಡಿದರೆ ಸೆನ್ಸರ್ ಕೊಳೆಯಾಗಿರಬಹುದು. ಐಡ್ಲಿಂಗ್‌ನಲ್ಲಿ 1.2ರಿಂದ 1.5 ಲೀಟರ್ ಎಂಜಿನ್ ಸೆಕೆಂಡಿಗೆ ಸುಮಾರು 2ರಿಂದ 4 ಗ್ರಾಂ ಗಾಳಿ ತೋರಿಸಬೇಕು.

ಪೆಟ್ರೋಲ್ ಬಂಕಿನಲ್ಲಿ ಫುಲ್ ಟ್ಯಾಂಕ್ ಹಾಕಿಸಿದ ಬೆನ್ನಿಗೆ ಮಾತ್ರ ಆಫ್ ಆಗುವ ಗಾಡಿಗೆ ಪರ್ಜ್ ವಾಲ್ವ್ ಎಂದು ಕಣ್ಣು ಮುಚ್ಚಿ ಬರೆಯಬಹುದು. ಟ್ಯಾಂಕಿನ ಆವಿಯನ್ನು ಇನ್‌ಟೇಕ್‌ಗೆ ಬಿಡುವ ಈ ಪುಟ್ಟ ವಾಲ್ವ್ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ, ತುಂಬಿದ ಟ್ಯಾಂಕಿನ ಆವಿಯೆಲ್ಲ ಸೆಲ್ಫ್ ಹೊಡೆಯುತ್ತಲೇ ಒಳಗೆ ಬಂದು ಎಂಜಿನ್ ಕಟ್ಟಿಹೋಗುತ್ತದೆ. ಕೆಲವೊಮ್ಮೆ ಪಿ0496 ಇರುತ್ತದೆ. ವಾಲ್ವ್‌ನಿಂದ ಇನ್‌ಟೇಕ್‌ಗೆ ಹೋಗುವ ಹೋಸ್ ಬಿಚ್ಚಿ, ಇನ್‌ಟೇಕ್ ಕಡೆಯ ನಳಿಕೆಯನ್ನು ಮುಚ್ಚಿ ಸ್ಟಾರ್ಟ್ ಮಾಡಿ. ಆಫ್ ಆಗದೆ ಓಡಿದರೆ ವಾಲ್ವ್ ಬದಲಾಯಿಸಿ. ಬಿಚ್ಚಿದ ವಾಲ್ವ್‌ಗೆ ಕರೆಂಟ್ ಇಲ್ಲದಾಗ ಊದಿದರೆ ಗಾಳಿ ದಾಟಬಾರದು.

ಡಬ್ಬಿಗೆ ಕಾಣದ್ದು

ರೇಸ್ ಕೊಟ್ಟರೂ ಒದ್ದಾಡಿ ಆಫ್ ಆಗುವ ಗಾಡಿಯಲ್ಲಿ ಪೆಟ್ರೋಲ್ ಸಾಲುತ್ತಿಲ್ಲ. ಇಲ್ಲಿ ಈ ಅಡಾಪ್ಟರಿನ ಮಿತಿ ಎದುರಾಗುತ್ತದೆ. ನಮ್ಮ ಸಾಮಾನ್ಯ ಪೆಟ್ರೋಲ್ ಕಾರುಗಳ ಇಂಜೆಕ್ಟರ್ ರೈಲಿನಲ್ಲಿ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪು) ಒತ್ತಡ ಅಳೆಯುವ ಸೆನ್ಸರೇ ಇರುವುದಿಲ್ಲ. ಇಲ್ಲದ್ದನ್ನು ಯಾವ ಆಪ್ ತೋರಿಸೀತು? ಫ್ಯೂಯಲ್ ಟ್ರಿಮ್ ನೋಡಿ ಊಹಿಸೋಣವೆಂದರೆ, ಹತ್ತಿದ ಮೊದಲ ಕ್ಷಣಗಳಲ್ಲಿ ಎಂಜಿನ್ ಓಪನ್ ಲೂಪ್‌ನಲ್ಲಿರುತ್ತದೆ (ತಿದ್ದುಪಡಿಯಿಲ್ಲದೆ ಸಿದ್ಧ ಲೆಕ್ಕದ ಮೇಲೆ ಓಡುತ್ತದೆ), ಶಾರ್ಟ್ ಟ್ರಿಮ್ ಅಲುಗಾಡುವುದೇ ಇಲ್ಲ. ಅದು ಸೊನ್ನೆ ತೋರಿಸಿತೆಂದು ಪೆಟ್ರೋಲ್ ಸರಿಯಿದೆ ಎನ್ನುವುದು ತಪ್ಪು. ಲಾಂಗ್ ಟ್ರಿಮ್ ಮಾತ್ರ ಹಳೆಯ ಓಟದ ನೆನಪು; ಅದು ಪ್ಲಸ್ 15, 20ರಲ್ಲಿ ಕೂತಿದ್ದರೆ ಬಹಳ ದಿನದಿಂದಲೇ ಪೆಟ್ರೋಲ್ ಕಡಿಮೆ ಬರುತ್ತಿದೆ, ಇಲ್ಲವೇ ಲೆಕ್ಕಕ್ಕೆ ಸಿಗದ ಗಾಳಿ ಒಳಬರುತ್ತಿದೆ. ಕ್ಲಿಯರ್ ಒತ್ತಬೇಡಿ ಎಂದದ್ದಕ್ಕೆ ಇದೂ ಒಂದು ಕಾರಣ.

ಹಾಗಾಗಿ ಕಿವಿ ಮತ್ತು ಪೆಟ್ರೋಲ್ ಒತ್ತಡ ಅಳೆಯುವ ಗೇಜು. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗಿನಿಂದ ಎರಡು ಸೆಕೆಂಡು ಗುಂಯ್ ಎನ್ನಬೇಕು. ಇಸಿಯು ಪಂಪನ್ನು ಇಷ್ಟು ಹೊತ್ತು ಓಡಿಸಿ ನಿಲ್ಲಿಸುತ್ತದೆ, ಕ್ರ್ಯಾಂಕ್ ಸಿಗ್ನಲ್ ಬಂದರೆ ಮಾತ್ರ ಮುಂದುವರಿಸುತ್ತದೆ. ಪಂಪ್ ಚೆನ್ನಾಗಿದ್ದರೂ ಈ ಮುಂದುವರಿಕೆ ತಪ್ಪಿದರೆ ಲೈನಿನಲ್ಲಿ ಉಳಿದ ಒತ್ತಡದಲ್ಲೇ ಎಂಜಿನ್ ಕೆಲವು ಸೆಕೆಂಡು ಓಡಿ ನಿಲ್ಲುತ್ತದೆ. ಪಂಪ್ ಬದಲಾಯಿಸಿದರೂ ಗುಣವಾಗದ ಗಾಡಿಗಳಲ್ಲಿ ಎಷ್ಟೋ ಇವೇ. ರಿಲೇ ಬಾಕ್ಸಿನಲ್ಲಿ ಹಾರ್ನ್ ರಿಲೇ ಅದೇ ನಂಬರಿನದಾಗಿದ್ದರೆ ಅದಲುಬದಲು ಮಾಡಿ ನೋಡಿ. ಅದಕ್ಕೂ ಜಗ್ಗದಿದ್ದರೆ ರಿಲೇ ತೆಗೆದು, 30 ಮತ್ತು 87ನೇ ಕಾಲುಗಳ ಜಾಗಕ್ಕೆ 15 ಆಂಪಿಯರ್ ಫ್ಯೂಸ್ ಇರುವ ವೈರ್ ಹಾಕಿ ಪಂಪನ್ನು ನೇರ ಓಡಿಸಿ. ಆಗ ಎಂಜಿನ್ ಆಫ್ ಆಗದೆ ಓಡಿದರೆ ತಪ್ಪು ಪಂಪಿನದಲ್ಲ, ರಿಲೇ ಅಥವಾ ಅದಕ್ಕೆ ಆಜ್ಞೆ ಕೊಡುವ ಕಡೆಯದು. ಆಗಲೂ ಆಫ್ ಆದರೆ ಗೇಜ್ ಹಾಕಿಸಿ. ಸಾಮಾನ್ಯ ಪೆಟ್ರೋಲ್ ಕಾರುಗಳಲ್ಲಿ 3ರಿಂದ 4 ಬಾರ್ ಇರಬೇಕು, ಕೀ ಆಫ್ ಮಾಡಿದ ಮೇಲೂ ಐದು ನಿಮಿಷ ಹೆಚ್ಚು ಇಳಿಯಬಾರದು. ಗೇಜ್ ಹಾಕದೆ ಪಂಪ್ ಬದಲಾಯಿಸಲು ಒಪ್ಪಲೇಬೇಡಿ.

ಬಹಳ ದಿನ ನಿಂತ ಗಾಡಿಯಾದರೆ ಟ್ಯಾಂಕಿನ ನೀರನ್ನೂ ಮರೆಯಬೇಡಿ. ಎಥನಾಲ್ ಬೆರೆತ ಪೆಟ್ರೋಲ್ ಸ್ವಲ್ಪ ನೀರನ್ನು ಹೀರಿಕೊಳ್ಳುತ್ತದೆ, ಮಿತಿ ದಾಟಿದರೆ ನೀರು ಮತ್ತು ಎಥನಾಲ್ ಒಟ್ಟಿಗೆ ತಳಕ್ಕಿಳಿಯುತ್ತವೆ. ಪಂಪ್ ಎಳೆಯುವುದು ತಳದಿಂದಲೇ. ಗಾಜಿನ ಬಾಟಲಿಗೆ ಒಂದಿಷ್ಟು ತೆಗೆದು ಅರ್ಧ ಗಂಟೆ ಬಿಟ್ಟರೆ ಎರಡು ಪದರ ಕಾಣುತ್ತದೆ.

ಸಿಎನ್‌ಜಿ ಗಾಡಿಗಳಲ್ಲಿ ಮೊದಲು ನೋಡಬೇಕಾದ್ದು ಯಾವ ಇಂಧನದಲ್ಲಿ ಆಫ್ ಆಗುತ್ತಿದೆ ಎಂದು. ಪೆಟ್ರೋಲಿನಲ್ಲಿ ಹತ್ತಿ, ಗ್ಯಾಸಿಗೆ ಬದಲಾಗುವ ಕ್ಷಣದಲ್ಲಿ ನಿಂತರೆ ಗ್ಯಾಸ್ ಫಿಲ್ಟರ್ ಅಥವಾ ಗ್ಯಾಸಿನ ಒತ್ತಡ ಇಳಿಸುವ ರೆಡ್ಯೂಸರ್ ನೋಡಿ. ಬಟನ್ ಒತ್ತಿ ಪೆಟ್ರೋಲಿನಲ್ಲೇ ಉಳಿಸಿದರೂ ನಿಂತರೆ, ತಿಂಗಳುಗಟ್ಟಲೆ ಮುಟ್ಟದ ಪೆಟ್ರೋಲ್ ಇಂಜೆಕ್ಟರಿನಲ್ಲಿ ಅಂಟು ಕಟ್ಟಿದೆ. ಹೊರಗೆ ಹಾಕಿಸಿದ ಕಿಟ್‌ನ ಇಸಿಯು ಜೊತೆ ಈ ಡಬ್ಬಿ ಮಾತಾಡುವುದಿಲ್ಲ.

ಡೀಸೆಲ್‌ನಲ್ಲಿ ಮಾತ್ರ ಇದರ ಮರ್ಯಾದೆ ಹೆಚ್ಚುತ್ತದೆ, ಏಕೆಂದರೆ ಕಾಮನ್ ರೈಲ್ ಎಂಜಿನ್‌ಗಳು ರೈಲ್ ಪ್ರೆಷರ್ (ಇಂಜೆಕ್ಟರ್ ಪೈಪಿನೊಳಗಿನ ಡೀಸೆಲ್ ಒತ್ತಡ) ಹೇಳುತ್ತವೆ. ಅಂಕಿ ಕಿಲೋಪ್ಯಾಸ್ಕಲ್‌ನಲ್ಲಿ ಬಂದರೆ ನೂರರಿಂದ ಭಾಗಿಸಿ ಬಾರ್ ಮಾಡಿಕೊಳ್ಳಿ. 1.3 ಲೀಟರಿನ ಸಣ್ಣ ಡೀಸೆಲ್‌ಗಳು ಐಡ್ಲಿಂಗ್‌ನಲ್ಲಿ ಸುಮಾರು 230ರಿಂದ 300 ಬಾರ್‌ನಲ್ಲಿರುತ್ತವೆ. ಹತ್ತಿದಾಗ 250 ಇದ್ದದ್ದು 200, 140, 90 ಎಂದು ಇಳಿಯುತ್ತಾ ಎಂಜಿನ್ ಒದ್ದಾಡಿ ನಿಂತರೆ ಫಿಲ್ಟರ್ ಕಟ್ಟಿದೆ ಅಥವಾ ಏರ್ ಹಿಡಿದಿದೆ. ಡೀಸೆಲ್ ಫಿಲ್ಟರ್ ಬದಲಾಯಿಸಿ ಏರ್ ತೆಗೆಯದೆ ಸ್ಟಾರ್ಟ್ ಮಾಡಿದ ಗಾಡಿಗಳ ರೋಗವೂ ಇದೇ. ಹ್ಯಾಂಡ್ ಪಂಪ್ ಗಟ್ಟಿಯಾಗುವವರೆಗೆ ಒತ್ತಿ, ಪಾರದರ್ಶಕ ಪೈಪಿದ್ದರೆ ಗುಳ್ಳೆ ನಿಂತದ್ದು ನೋಡಿ, ಆಮೇಲೆ ಸೆಲ್ಫ್. ಒತ್ತಡ ಚೆನ್ನಾಗಿಯೇ ಇದ್ದು ಆಫ್ ಆದರೆ ತೆರೆದೇ ಉಳಿದ ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಬಿಡುವುದು) ನೋಡಬೇಕು.

ಡಬ್ಬಿಯದೇ ಕಿರಿಕಿರಿಗಳು

ಸೆಲ್ಫ್ ಹೊಡೆದಾಗಲೇ ಬ್ಲೂಟೂತ್ ಕಟ್ ಆಗುವುದು ಇದರ ಮೇಲಿನ ಸಾಮಾನ್ಯ ದೂರು. ಅರ್ಧ ಸಲ ತಪ್ಪು ಡಬ್ಬಿಯದಲ್ಲ. ಒಳಗಿನ 5 ವೋಲ್ಟ್ ರೆಗ್ಯುಲೇಟರ್‌ಗೆ ಕನಿಷ್ಠ 7 ವೋಲ್ಟ್ ಸಿಗಬೇಕು. ಕ್ರ್ಯಾಂಕ್ ಮಾಡುವಾಗ ಬ್ಯಾಟರಿ ಅಷ್ಟು ಕೆಳಗಿಳಿದರೆ ಡಬ್ಬಿ ರೀಸೆಟ್ ಆಗುತ್ತದೆ, ಇಸಿಯು ಕೂಡ ತಡವರಿಸಿರುತ್ತದೆ. ಮಲ್ಟಿಮೀಟರಿನಲ್ಲಿ ಕ್ರ್ಯಾಂಕಿಂಗ್ ವೋಲ್ಟೇಜ್ 9.6ಕ್ಕಿಂತ ಕೆಳಗೆ ಹೋದರೆ ಮೊದಲು ಬ್ಯಾಟರಿ ಮತ್ತು ಅದರ ಟರ್ಮಿನಲ್ ಸರಿಮಾಡಿ, ಉಳಿದ ಎಲ್ಲ ಪರೀಕ್ಷೆ ಆಮೇಲೆ. 10.5ರ ಮೇಲಿದ್ದೂ ಕಟ್ ಆದರೆ ಡಬ್ಬಿಯನ್ನೇ ವಾಪಸ್ ಕೊಡಿ.

ಸಾಕೆಟ್ಟಿನಲ್ಲೇ ಬಿಟ್ಟು ಮರೆಯಬೇಡಿ. 16ನೇ ಪಿನ್‌ಗೆ ಸದಾ ಕರೆಂಟ್ ಇರುವುದರಿಂದ ಡಬ್ಬಿ 45 ಮಿಲಿಆಂಪಿಯರ್ ಎಳೆದರೂ ದಿನಕ್ಕೆ ಒಂದು ಆಂಪಿಯರ್-ಅವರ್‌ಗಿಂತ ಹೆಚ್ಚು ಹೋಗುತ್ತದೆ. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಎರಡು ವಾರದಲ್ಲಿ ಹೆಚ್ಚುಕಡಿಮೆ ಅರ್ಧ ಖಾಲಿ. ಯಾರು ಬೇಕಾದರೂ 1234 ಒತ್ತಿ ಪೇರ್ ಮಾಡಬಹುದಾದ ವಸ್ತುವನ್ನು ಗಾಡಿಯಲ್ಲಿ ಬಿಡುವುದೂ ಜಾಣತನವಲ್ಲ. ಎಬಿಎಸ್, ಏರ್‌ಬ್ಯಾಗ್ ಕೋಡ್‌ಗಳ ಆಸೆ ಇಟ್ಟುಕೊಳ್ಳಬೇಡಿ. ಬಿಎಸ್6 ಬೈಕಿಗೆ ಬಳಸಲು ಆರು ಪಿನ್ನಿನ ಕನೆಕ್ಟರ್ ಕೇಬಲ್ ಬೇರೆ ಕೊಳ್ಳಬೇಕು, ಕೊಂಡರೂ ಎಲ್ಲ ಬೈಕುಗಳೂ ಉತ್ತರಿಸುವುದಿಲ್ಲ.

ಕೊಂಡವರು ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಚೆನ್ನಾಗಿರುವ ಗಾಡಿಯೊಂದರಲ್ಲಿ ಇಷ್ಟು ಮಾಡಿ. ಆಪ್‌ನ ಟರ್ಮಿನಲ್‌ನಲ್ಲಿ ಎಟಿ ಆರ್‌ವಿ (AT RV) ಎಂದು ಟೈಪ್ ಮಾಡಿದರೆ ವೋಲ್ಟೇಜ್ ಬರಬೇಕು. ಮಲ್ಟಿಮೀಟರಿಗೂ ಅದಕ್ಕೂ ಅರ್ಧ ವೋಲ್ಟಿಗಿಂತ ಹೆಚ್ಚು ಅಂತರ ಇರಬಾರದು. ಎಟಿ ಡಿಪಿ (AT DP) ಎಂದರೆ ಗಾಡಿಯ ಪ್ರೋಟೋಕಾಲ್ ಹೆಸರು ಹೇಳಬೇಕು. ಪ್ರಶ್ನಾರ್ಥಕ ಚಿಹ್ನೆ ಬಂದರೆ ಆ ಕಮಾಂಡ್ ಅದರೊಳಗಿಲ್ಲ ಎಂದರ್ಥ. ಆರ್‌ಪಿಎಂ ಒಂದನ್ನೇ ಇಟ್ಟು ರೇಸ್ ಕೊಟ್ಟಾಗ ಅಂಕಿ ಮೀಟರ್ ಬೋರ್ಡಿನ ಮುಳ್ಳಿಗಿಂತ ಒಂದು ಸೆಕೆಂಡಿಗೂ ಹೆಚ್ಚು ಹಿಂದೆ ಬಿದ್ದರೆ ಆ ಡಬ್ಬಿ ಈ ಕೆಲಸಕ್ಕೆ ಆಗುವುದಿಲ್ಲ. ಬಿಲ್ ಎಸೆದಿರಬೇಡಿ.